ನಗೆಯೋ ಅಂಜಿಕೆಯೋ: ಒಂದು ಪಿಶಾಚಿ ಚಿತ್ರದ ಪ್ರಸಂಗ

ಒಂದು ಚಲಚ್ಚಿತ್ರವನ್ನು ಒಟ್ಟಿಗೆ ನೋಡಿ ಬಂದ ಇಬ್ಬರಲ್ಲಿ ಒಬ್ಬರು ಹೊಗಳುವುದೂ ಇನ್ನೊಬ್ಬರು ಹಳಿಯುವುದೂ ಹೊಸ ಸಂಗತಿಯೇನಲ್ಲ. ಅಭಿರುಚಿಯ ಭೇದವೆಂದು ನಾವು ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಆದರೆ ಹೊಗಳಿದವರೂ ಹಳಿದವರೂ ನೋಡಿದ್ದು ನಿಜವಾಗಿಯೂ ಒಂದೇ ಚಿತ್ರವನ್ನೇ ಎಂದು ಕೇಳಬೇಕಾದ ಪ್ರಸಂಗಗಳೂ ಉಂಟು. ರೋಮನ್ ಪೊಲಾನ್ಸ್ಕಿ ನಿರ್ದೇಶಿಸಿದ, 1967ರಲ್ಲಿ ತೆರೆಕಂಡ ‘ಡಾನ್ಸ್ ಆಫ್ ದಿ ವ್ಯಾಂಪೈರ್ಸ್’ ಎಂಬ ಚಿತ್ರದ ಕಥೆ ಅಂಥದು. ಅರ್ಧ ಶತಮಾನ ಕಳೆದ ಮೇಲೂ ಅದರ ವಿಚಾರದಲ್ಲಿ ಪ್ರೇಕ್ಷಕರು ಎರಡು ಪಂಗಡವಾಗಿಯೇ ಉಳಿದಿದ್ದಾರೆ.

ವ್ಯಾಂಪೈರ್ ಎಂದರೆ ಗೋರಿಯಿಂದ ಎದ್ದು ಬಂದು, ಬದುಕಿರುವವರ ಕೊರಳಿಗೆ ಹಲ್ಲು ನೆಟ್ಟು ರಕ್ತ ಹೀರುವ ಪಿಶಾಚಿ. ಪೂರ್ವ ಯೂರೋಪಿನ ಜನಪದ ನಂಬಿಕೆಯಲ್ಲಿ ಹುಟ್ಟಿದ ಈ ಭೂತವನ್ನು 1897ರಲ್ಲಿ ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಕಾದಂಬರಿಯ ಮೂಲಕ ಲೋಕಪ್ರಸಿದ್ಧವಾಗಿಸಿದರು. ಬೆಳ್ಳುಳ್ಳಿ ಕಂಡರೆ ಅದಕ್ಕಾಗದು, ಶಿಲುಬೆಗೆ ಹೆದರುತ್ತದೆ, ಕನ್ನಡಿಯಲ್ಲಿ ಅದರ ಬಿಂಬ ಮೂಡುವುದಿಲ್ಲ ಎಂಬ ಕಟ್ಟುಪಾಡುಗಳೆಲ್ಲ ಪ್ರೇಕ್ಷಕರಿಗೆ ಕಂಠಪಾಠವಾಗಿದ್ದುವು. ಬ್ರಿಟನ್ನಿನ ಹ್ಯಾಮರ್ ಸಂಸ್ಥೆ 1958ರಿಂದ ಕ್ರಿಸ್ಟೋಫರ್ ಲೀ ಅವರನ್ನು ಡ್ರಾಕುಲಾ ಮಾಡಿ ಈ ಬಗೆಯ ಚಿತ್ರಗಳಿಗೆ ದೊಡ್ಡ ಮಾರುಕಟ್ಟೆಯನ್ನೇ ಸೃಷ್ಟಿಸಿತ್ತು. ಆ ಗಾಂಭೀರ್ಯವನ್ನು ಕಂಡು ಜನ ಅಲ್ಲಲ್ಲಿ ನಗುತ್ತಿದ್ದರು. ಆ ನಗೆಯನ್ನೇ ಚಿತ್ರದೊಳಗೆ ತಂದರೆ ಹೇಗೆಂಬುದು ಪೊಲಾನ್ಸ್ಕಿ ಮತ್ತು ಅವರ ಸಹಲೇಖಕ ಜೆರಾರ್ ಬ್ರಾಶ್ ಅವರ ಯೋಚನೆ.

ಕಥೆ ಸರಳ. ಹಿಮಾವೃತವಾದ ಟ್ರಾನ್ಸಿಲ್ವೇನಿಯಾಕ್ಕೆ ಪ್ರೊಫೆಸರ್ ಅಬ್ರೋನ್ಸಿಯಸ್ ಎಂಬ ಮುದಿ ಪಂಡಿತರು ತಮ್ಮ ಅಂಜುಬುರುಕ ಶಿಷ್ಯ ಆಲ್‌ಫ್ರೆಡ್‌ನೊಡನೆ ಪಿಶಾಚಿಗಳ ಸಂಶೋಧನೆಗೆ ಬರುತ್ತಾರೆ. ಬರುವಾಗಲೇ ಚಳಿಗೆ ಮರಗಟ್ಟಿ ಕಟ್ಟಿಗೆಯಂತಾಗಿರುವ ಅವರನ್ನು ಹೊತ್ತು ತಂದು ಕಾಯಿಸಬೇಕಾಗುತ್ತದೆ. ಛತ್ರದ ತುಂಬ ಬೆಳ್ಳುಳ್ಳಿ ಗೊಂಚಲುಗಳು ತೂಗಾಡುತ್ತಿದ್ದರೂ ಇಲ್ಲಿ ಕೋಟೆಯೂ ಇಲ್ಲ ಪಿಶಾಚಿಯೂ ಇಲ್ಲ ಎಂದು ಊರವರು ಸಾಧಿಸುತ್ತಾರೆ. ಛತ್ರದವನ ಮಗಳು ಸಾರಾಳನ್ನು ಕೌಂಟ್ ಫಾನ್ ಕ್ರೊಲಾಕ್ ಅಪಹರಿಸುತ್ತಾನೆ. ಗುರುಶಿಷ್ಯರು ಕೋಟೆಗೆ ಹೋಗುತ್ತಾರೆ. ಶಿಷ್ಯನ ಪಾತ್ರವನ್ನು ಸ್ವತಃ ಪೊಲಾನ್ಸ್ಕಿ, ಪಂಡಿತರ ಪಾತ್ರವನ್ನು ಐರ್ಲೆಂಡಿನ ಜ್ಯಾಕ್ ಮ್ಯಾಕ್‌ಗೌರನ್ ವಹಿಸಿದ್ದಾರೆ. ಸಾರಾ ಆಗಿ ನಟಿಸಿದವರು ಶರಾನ್ ಟೇಟ್.

ಈ ಚಿತ್ರದಲ್ಲಿ ನಾವು ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡದ್ದು ಛತ್ರದ ಯಜಮಾನ ಶಗಾಲ್‌ನ ಪ್ರಸಂಗ. ಈತ ಯಹೂದಿ. ಮಗಳನ್ನು ಹುಡುಕಿ ಹೋಗಿ, ಕಚ್ಚಿಸಿಕೊಂಡು, ತಾನೂ ಪಿಶಾಚಿಯಾಗುತ್ತಾನೆ. ಬೆದರಿದ ಸೇವಕಿ ಶಿಲುಬೆಯನ್ನು ಎತ್ತಿ ಹಿಡಿದಾಗ ಅವನು ಹೆದರುವುದಿಲ್ಲ, ನಗುತ್ತಾನೆ. ಕ್ರೈಸ್ತರ ಲಾಂಛನಕ್ಕೆ ಯಹೂದಿಯ ಪ್ರೇತ ಏಕೆ ಅಂಜೀತು? ಇಡೀ ಚಿತ್ರಮಂದಿರ ನಗುವ ಸ್ಥಳವಿದು. ಆದರೆ ಇದಕ್ಕೆ ಜೋಡಿಯಾಗಿ ಬರುವ ಇನ್ನೊಂದು ಪ್ರಸಂಗವನ್ನು ಹಲವರು ಗಮನಿಸುವುದಿಲ್ಲ. ಶಗಾಲ್ ತನ್ನ ಶವಪೆಟ್ಟಿಗೆಯನ್ನು ಕೋಟೆಯ ನೆಲಮಾಳಿಗೆಯಲ್ಲಿ ಕೌಂಟನ ಪೆಟ್ಟಿಗೆಯ ಬಳಿ ಇರಿಸಿಕೊಳ್ಳಲು ಆಸೆಪಡುತ್ತಾನೆ. ಗೂನುಬೆನ್ನಿನ ಆಳು ಅದನ್ನು ಎಳೆದೊಯ್ದು ಲಾಯಕ್ಕೆ ನೂಕಿಬಿಡುತ್ತಾನೆ. ಸತ್ತ ಮೇಲೂ, ಪಿಶಾಚಿಯಾದ ಮೇಲೂ, ಪಂಕ್ತಿಭೇದ ತಪ್ಪಿದ್ದಲ್ಲ! ಇದನ್ನು ಚಿತ್ರಿಸಿದವರು ಯಾರೆಂಬುದನ್ನು ನೆನೆದರೆ ನಗೆ ಅರ್ಧದಲ್ಲಿ ನಿಲ್ಲುತ್ತದೆ. ಪೊಲಾನ್ಸ್ಕಿ ಯಹೂದಿ ಮನೆತನದವರು. ಬಾಲ್ಯದಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಯಹೂದಿ ಘೆಟ್ಟೋವಿನಲ್ಲಿದ್ದು ತಪ್ಪಿಸಿಕೊಂಡು ಬದುಕಿದವರು. ಅವರ ತಾಯಿ ಆಶ್ವಿಟ್ಸ್‌ನಲ್ಲಿ ಹತರಾದರು.

ನೃತ್ಯಕೂಟದ ದೃಶ್ಯವೂ ಅಷ್ಟೇ ಹೆಸರುವಾಸಿ. ಗೋರಿಗಳಿಂದೆದ್ದ ಪಿಶಾಚಿಗಳು ಹರಕು ರೇಷ್ಮೆಯುಟ್ಟು ಗಾಂಭೀರ್ಯದಿಂದ ಕುಣಿಯುತ್ತಿರುವಾಗ ಪಂಡಿತರೂ ಶಿಷ್ಯನೂ ಮಾರುವೇಷದಲ್ಲಿ ಅವರ ನಡುವೆ ಸೇರಿ ಸಾರಾಳನ್ನು ಬಿಡಿಸಲು ಹೆಜ್ಜೆ ಹಾಕುತ್ತಾರೆ. ಕುಣಿಯುತ್ತ ಕುಣಿಯುತ್ತ ಎಲ್ಲರೂ ದೊಡ್ಡ ಕನ್ನಡಿಯೊಂದರ ಮುಂದೆ ಬಂದು ನಿಲ್ಲುತ್ತಾರೆ. ಆ ಮಹಾಸಭೆಯಲ್ಲಿ ಕನ್ನಡಿಗೆ ಕಾಣುವವರು ಮೂವರೇ. ಇದಕ್ಕೆ ನಗಬೇಕೋ ಅಂಜಬೇಕೋ ಪ್ರೇಕ್ಷಕ ತೀರ್ಮಾನಿಸುವಷ್ಟರಲ್ಲಿ ಓಟ ಆರಂಭವಾಗಿರುತ್ತದೆ. ಕ್ರಿಷ್ಟೋಫ್ ಕೊಮೆಡಾ ಅವರ ವಿಚಿತ್ರ ಗಾಯನವೃಂದದ ಸಂಗೀತ ಈ ಗೊಂದಲವನ್ನು ಪೋಷಿಸುತ್ತದೆ. ಪೋಲೆಂಡಿನ ಈ ಪ್ರತಿಭಾವಂತ ಜ್ಯಾಸ್ ಸಂಗೀತಗಾರ 1969ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲೇ ತೀರಿಕೊಂಡರು.

ಇನ್ನು ಒಡಕಿನ ಮೂಲಕ್ಕೆ ಬರೋಣ. ಅಮೆರಿಕದಲ್ಲಿ ಚಿತ್ರವನ್ನು ಬಿಡುಗಡೆ ಮಾಡುವ ಮುನ್ನ ನಿರ್ಮಾಪಕ ಮಾರ್ಟಿನ್ ರಾನ್ಸೋಹಾಫ್ ಹಾಗೂ ಎಂ.ಜಿ.ಎಂ. ಸಂಸ್ಥೆ ಅದಕ್ಕೆ ಕತ್ತರಿ ಹಾಕಿದವು. ಹತ್ತು ನಿಮಿಷಕ್ಕೂ ಮಿಕ್ಕಿದ ಭಾಗ ಹೋಯಿತು. ಕೆಲವು ಧ್ವನಿಗಳನ್ನು ಮತ್ತೆ ಮುದ್ರಿಸಿ ನಗೆಪಾಟಲಿನ ಕಂಠಗಳನ್ನು ಜೋಡಿಸಲಾಯಿತು. ಮೊದಲಲ್ಲಿ ಒಂದು ವ್ಯಂಗ್ಯಚಿತ್ರದ ಪೀಠಿಕೆ ಬಂತು. ಹೆಸರನ್ನೂ ‘ದಿ ಫಿಯರ್‌ಲೆಸ್ ವ್ಯಾಂಪೈರ್ ಕಿಲ್ಲರ್ಸ್’ ಎಂದು ಬದಲಿಸಿ, ‘ಕ್ಷಮಿಸಿ, ತಮ್ಮ ಹಲ್ಲು ನಮ್ಮ ಕೊರಳಲ್ಲಿದೆ’ ಎಂಬರ್ಥದ ಉಪಶೀರ್ಷಿಕೆಯನ್ನು ಅಂಟಿಸಿದರು. ಜನ ನಗಬೇಕೆಂಬ ಆತುರದಲ್ಲಿ ಮಾಡಿದ ಈ ಕೆಲಸದ ಫಲವೇ ಸೋಜಿಗ: ಜನ ನಗಲೇ ಇಲ್ಲ. ಷಿಕಾಗೋದ ವಿಮರ್ಶಕ ರೋಜರ್ ಎಬರ್ಟ್ ತಾವು ನೋಡಿದ ಪ್ರದರ್ಶನದಲ್ಲಿ ಯಾರೊಬ್ಬರೂ ನಗಲಿಲ್ಲವೆಂದೇ ಬರೆದರು. ಪೊಲಾನ್ಸ್ಕಿ ಆ ಆವೃತ್ತಿ ತಮ್ಮದಲ್ಲವೆಂದು ಬಹಿರಂಗವಾಗಿ ನಿರಾಕರಿಸಿದರು. ಅತ್ತ ಯೂರೋಪಿನಲ್ಲಿ ಅಖಂಡ ಚಿತ್ರವನ್ನು ಕಂಡವರು ಅದರ ಹಿಮವನ್ನೂ ನಿಧಾನವನ್ನೂ ಮೆಚ್ಚಿ ಮಾತಾಡಿದರು. ನಗೆಗೆ ಮೊದಲು ಬೇಕಾದ ಆ ನಿಶ್ಶಬ್ದವನ್ನೇ ಕತ್ತರಿಸಿದ ಮೇಲೆ ನಗೆ ಎಲ್ಲಿಂದ ಹುಟ್ಟೀತು ಎಂಬುದು ನಮ್ಮ ಪ್ರಶ್ನೆ.

ಹಾಗೆಂದು ಅಪರಾಧವನ್ನೆಲ್ಲ ಕತ್ತರಿಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಪೂರ್ಣ ಆವೃತ್ತಿ ಮುಂದೆ ಅಮೆರಿಕದವರಿಗೂ ದೊರೆಯಿತು. ಅದನ್ನು ನೋಡಿದವರಲ್ಲಿಯೂ ಒಂದು ವರ್ಗ ‘ಇದು ಹೆದರಿಸುವುದೂ ಇಲ್ಲ, ನಗಿಸುವುದೂ ಇಲ್ಲ’ ಎಂಬ ದೂರನ್ನು ಬಿಟ್ಟಿಲ್ಲ. ನಮ್ಮ ಆಲಂಕಾರಿಕರು ಈ ತೊಡಕನ್ನು ಎಂದೋ ಗುರುತಿಸಿದ್ದರು. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳೆಂದು ಹೇಳುತ್ತಾನೆ. ಹೆದರಿದವನಿಗೆ ನಗು ಬಾರದು, ನಗುವವನಿಗೆ ಹೆದರಿಕೆ ತಟ್ಟದು. ಎರಡನ್ನೂ ಒಂದೇ ಪಾತ್ರೆಯಲ್ಲಿ ಬಡಿಸಿದಾಗ, ಕೇವಲ ನಗೆಯನ್ನು ಬಯಸಿ ಬಂದವರೂ ಕೇವಲ ಭಯವನ್ನು ಬಯಸಿ ಬಂದವರೂ ಹಸಿದೇ ಏಳುತ್ತಾರೆ. ಎರಡರ ಬೆರಕೆಯನ್ನೇ ರುಚಿಯೆಂದು ಬಗೆದವರಿಗೆ ಮಾತ್ರ ತೃಪ್ತಿ.

ಈ ಚಿತ್ರಕ್ಕೆ ಕರುಣವೂ ಹೊರಗಿನಿಂದ ಬಂದು ಸೇರಿಕೊಂಡಿತು. ಪೊಲಾನ್ಸ್ಕಿ ಮತ್ತು ಶರಾನ್ ಟೇಟ್ 1968ರ ಜನವರಿಯಲ್ಲಿ ವಿವಾಹವಾದರು. 1969ರ ಆಗಸ್ಟಿನಲ್ಲಿ, ತುಂಬು ಗರ್ಭಿಣಿಯಾಗಿದ್ದ ಆಕೆಯನ್ನು ಚಾರ್ಲ್ಸ್ ಮ್ಯಾನ್ಸನ್‌ನ ಅನುಯಾಯಿಗಳು ಲಾಸ್ ಏಂಜಲಿಸ್ ನಗರದ ಮನೆಯಲ್ಲಿ ಕೊಂದರು. ಅದನ್ನು ತಿಳಿದು ನೋಡುವವರಿಗೆ ಹಿಮದ ನಡುವಿನ ಆ ಕೆಂಗೂದಲಿನ ಸಾರಾ ಬರಿಯ ಕಥಾಪಾತ್ರವಾಗಿ ಕಾಣಲಾರಳು. ಇನ್ನೊಂದು ಕಹಿ ಸತ್ಯವನ್ನೂ ಮರೆಮಾಚುವಂತಿಲ್ಲ. ಪೊಲಾನ್ಸ್ಕಿ 1977ರಲ್ಲಿ ಅಪ್ರಾಪ್ತ ಬಾಲಕಿಯೊಡನೆ ಅಕ್ರಮ ಲೈಂಗಿಕ ಸಂಪರ್ಕದ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು, 1978ರಲ್ಲಿ ಶಿಕ್ಷೆಯ ಘೋಷಣೆಗೆ ಮುನ್ನವೇ ಅಮೆರಿಕವನ್ನು ತೊರೆದವರು. ಆ ಕಾರಣಕ್ಕಾಗಿಯೇ ಅವರ ಯಾವ ಚಿತ್ರವನ್ನೂ ನೋಡೆವು ಎನ್ನುವವರಿದ್ದಾರೆ. ಅವರ ನಿಲುವನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಕಥೆ ಅಲ್ಲಿಗೆ ಮುಗಿಯದೆ ರಂಗಭೂಮಿಯಲ್ಲಿ ಮರುಕಳಿಸಿತು. 1997ರ ಅಕ್ಟೋಬರ್ 4ರಂದು ವಿಯೆನ್ನಾದ ರೈಮುಂಡ್ ರಂಗಮಂದಿರದಲ್ಲಿ ‘ಟಾನ್ಸ್ ಡೆರ್ ವಾಂಪೀರೆ’ ಎಂಬ ಸಂಗೀತನಾಟಕವಾಗಿ ಇದು ಏರಿತು. ಸಂಗೀತ ಜಿಮ್ ಸ್ಟೈನ್‌ಮನ್, ಸಾಹಿತ್ಯ ಮಿಖಾಯೆಲ್ ಕುಂಜೆ, ನಿರ್ದೇಶನ ಪೊಲಾನ್ಸ್ಕಿ ಅವರದೇ. ಇಲ್ಲಿ ಕೌಂಟ್ ತೀರದ ಹಸಿವಿನಿಂದ ನರಳುವ ದುಃಖಿ. ನಗೆ ಹಿನ್ನೆಲೆಯಲ್ಲಿತ್ತು. ವರ್ಷಗಟ್ಟಲೆ ಪ್ರದರ್ಶನಗಳು ನಡೆದು, ಜರ್ಮನಿಯ ನಗರಗಳಿಗೂ ವಾರ್ಸಾ, ಬುಡಾಪೆಸ್ಟ್, ಟೋಕಿಯೋಗಳಿಗೂ ಹಬ್ಬಿತು. ಇದನ್ನು ಕಂಡು ನ್ಯೂಯಾರ್ಕಿನ ಬ್ರಾಡ್‌ವೇ ಉತ್ಸಾಹದಿಂದ ಬರಮಾಡಿಕೊಂಡಿತು. ಹೆಸರಾಂತ ನಟ ಮೈಕೆಲ್ ಕ್ರಾಫರ್ಡ್ ಕೌಂಟ್ ಆದರು. ಆದರೆ ಅಮೆರಿಕದವರಿಗೆ ಒಗ್ಗಲೆಂದು ನಾಟಕವನ್ನು ತಿದ್ದಿ, ಚಟಾಕಿಗಳನ್ನು ತುಂಬಿ, ವಿಷಾದವನ್ನು ತೆಳುವಾಗಿಸಿದರು. 2002ರ ಡಿಸೆಂಬರಿನಲ್ಲಿ ಆರಂಭವಾದ ಅದು 2003ರ ಜನವರಿಯಲ್ಲಿ 56 ಪ್ರದರ್ಶನಗಳಿಗೇ ಮುಚ್ಚಿತು. ನಷ್ಟ ಸುಮಾರು 1 ಕೋಟಿ 20 ಲಕ್ಷ ಡಾಲರ್ ಎಂದು ಹೇಳಲಾಯಿತು. ಮೂವತ್ತೈದು ವರ್ಷಗಳ ಹಿಂದಿನ ಕತ್ತರಿಯ ಪಾಠವನ್ನು ಅವರು ಯಾರಾದರೂ ಓದಿದ್ದರೇ ಎಂದು ನಮಗೆ ಅನುಮಾನ.

ಚಿತ್ರದ ಕೊನೆಯನ್ನು ಹೇಳಿಬಿಟ್ಟರೆ ನೋಡುವವರ ಕುತೂಹಲ ಕೆಡುವುದೆಂದು ಅದನ್ನು ಬಿಡುತ್ತೇವೆ. ಮಕ್ಕಳೊಡನೆ ನೋಡುವ ಚಿತ್ರ ಇದಲ್ಲವೆಂಬುದನ್ನು ಮಾತ್ರ ತಾಯಂದಿರಿಗೆ ತಿಳಿಸಬೇಕು. ರಕ್ತಕ್ಕಿಂತ ಹೆಚ್ಚಾಗಿ ಅದರ ಕೆಲವು ಸ್ನಾನದ ದೃಶ್ಯಗಳ ಕಾರಣದಿಂದ. ಹಿರಿಯರು ನೋಡಲಿಚ್ಛಿಸಿದರೆ, ಆರಂಭದಲ್ಲಿ ವ್ಯಂಗ್ಯಚಿತ್ರದ ಪೀಠಿಕೆ ಬರುತ್ತದೆಯೇ ಎಂದು ಗಮನಿಸಲಿ. ಬಂದರೆ ಅದು ಕತ್ತರಿ ಬಿದ್ದ ಆವೃತ್ತಿ. ಅದನ್ನು ಅಲ್ಲಿಯೇ ನಿಲ್ಲಿಸಿ, ಒಂದು ಗಂಟೆ ನಲವತ್ತೈದು ನಿಮಿಷ ಮೀರಿದ ಪೂರ್ಣ ಆವೃತ್ತಿಯನ್ನು ಹುಡುಕುವುದು ಒಳಿತು.