ಬಿಚ್ಚಿಟ್ಟ ಗಾಡಿ ಮತ್ತೆ ಓಡಬೇಕಾದರೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಹಿತ್ತಲ ಶೆಡ್ಡಿನಲ್ಲೋ ಮಹಡಿ ಮೆಟ್ಟಿಲಿನ ಕೆಳಗೋ ಬಿಚ್ಚಿಟ್ಟ ಜಾವಾ ಅಥವಾ ಯೆಜ್ಡಿ ಬೈಕು ಕಾಣುವುದು ಅಪರೂಪವೇನಲ್ಲ. ಚಾಸಿ ಗೋಡೆಗೆ ಒರಗಿರುತ್ತದೆ, ಟ್ಯಾಂಕು ಗೋಣಿಚೀಲದೊಳಗಿರುತ್ತದೆ, ನಟ್ಟು ಬೋಲ್ಟುಗಳು ಹಳೆಯ ಡಬ್ಬಿಯಲ್ಲಿ ತುಕ್ಕು ಹಿಡಿಯುತ್ತಿರುತ್ತವೆ. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಕಾರುಗಳ ಪಾಡೂ ಇದೇ. ದೊಡ್ಡವಾದ್ದರಿಂದ ಅವು ಟಾರ್ಪಾಲಿನ ಕೆಳಗೆ ಅಂಗಳದಲ್ಲೇ ನಿಂತಿರುತ್ತವೆ. ಹಳೆಯ ಗಾಡಿಯನ್ನು ಬಿಚ್ಚಿ ಹೊಸದರಂತೆ ಮಾಡುವ ಕೆಲಸಕ್ಕೆ ಕೈ ಹಾಕಿದವರು ಗಾಡಿಯ ಮೇಲೆ ನಿಜವಾದ ಪ್ರೀತಿ ಇದ್ದವರೇ. ಮೊದಲ ತಿಂಗಳು ರಾತ್ರಿ ಹನ್ನೊಂದರವರೆಗೆ ಸ್ಪ್ಯಾನರ್ ಹಿಡಿದು ಕೂತವರು ಎಂಟನೇ ತಿಂಗಳಿಗೆ ಶೆಡ್ಡಿನ ಬಾಗಿಲು ತೆರೆಯುವುದನ್ನೇ ಬಿಡುತ್ತಾರೆ. ನೋಡಿದವರು ಇದಕ್ಕೆ ಆರಂಭಶೂರತ್ವ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ಎಷ್ಟೋ ಸಲ ಮಾಲೀಕರೂ ತಮ್ಮನ್ನು ಹಾಗೆಯೇ ಹಳಿದುಕೊಳ್ಳುತ್ತಾರೆ. ಈ ತೀರ್ಪು ತಪ್ಪು ಎಂಬುದು ನನ್ನ ವಾದ. ಹುರುಪು ಬತ್ತುವುದಕ್ಕೆ ಕಾರಣವನ್ನು ಮನುಷ್ಯನ ಸ್ವಭಾವದಲ್ಲಿ ಹುಡುಕುವ ಮೊದಲು ಅವನು ಕೆಲಸಕ್ಕೆ ಇಟ್ಟುಕೊಂಡ ಕ್ರಮದಲ್ಲಿ ಹುಡುಕಬೇಕು. ಹೇಗೋ ಓಡುತ್ತಿದ್ದ ಗಾಡಿಯನ್ನು ಒಂದೇ ಸಲಕ್ಕೆ ಪೂರ್ತಿ ಬಿಚ್ಚಲು ಹೊರಟ ದಿನವೇ ಮುಂದಿನ ಸೋಲಿನ ಬಹುಪಾಲು ನಿಶ್ಚಯವಾಗಿಬಿಟ್ಟಿರುತ್ತದೆ.

ಮೈಸೂರಿಗೆ ಈ ಪ್ರಶ್ನೆ ಬೇರೆ ಊರುಗಳಿಗಿಂತ ಹತ್ತಿರದ್ದು. 1960ರಲ್ಲಿ ಇರಾನಿ ಕುಟುಂಬದವರು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಆಗಿನ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 250 ಸಿಸಿಯ ಟೂ-ಸ್ಟ್ರೋಕ್ ಬೈಕು ಅಲ್ಲಿಂದ ಹೊರಬಂತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುವ ಜಾಣ್ಮೆ, ಇವನ್ನು ಈ ಊರಿನ ಮೂರು ತಲೆಮಾರು ಬಲ್ಲದು. ಆದರೆ ಹಳೆಯ ಗಾಡಿಯನ್ನು ಹೊಸದರಂತೆ ಮಾಡಲು ಹೊರಡುವವರು ಆ ಕಾರ್ಖಾನೆ ಏನು ಮಾಡುತ್ತಿತ್ತು ಎಂಬುದನ್ನು ಪೂರ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೋಡಣೆಯ ಸಾಲಿನಲ್ಲಿ ನಿಂತ ಕೆಲಸಗಾರನ ಕೈಗೆ ಅಳತೆಗೆ ಸರಿಯಾದ ಹೊಸ ಭಾಗವೇ ಬರುತ್ತದೆ. ಅವನಿಗೆ ತನ್ನ ಪಾಲಿನ ಕೆಲಸವಷ್ಟೇ ಗೊತ್ತಿದ್ದರೆ ಸಾಕು, ಮುಂದಿನದಕ್ಕೆ ಮುಂದಿನವನಿದ್ದಾನೆ. ಮನೆಯ ಶೆಡ್ಡಿನಲ್ಲಿ ಕೂತವನು ಭಾಗಗಳನ್ನು ಹುಡುಕಿ ತರುವವನು, ಅವುಗಳ ಸವೆತ ಅಳೆಯುವವನು, ಫಿಟ್ಟರ್, ವೈರಿಂಗ್‌ನವನು, ಲೆಕ್ಕ ಬರೆಯುವವನು ಎಲ್ಲವೂ ತಾನೇ ಆಗಬೇಕು, ಅದೂ ಭಾನುವಾರಗಳಲ್ಲಿ. ಮುಚ್ಚಿಹೋದ ಕಾರ್ಖಾನೆಯ ಇಡೀ ಹೊರೆಯನ್ನು ಒಬ್ಬನೇ ಹೊತ್ತಾಗ ಅವನು ನಡುದಾರಿಯಲ್ಲಿ ಕುಸಿದರೆ ಅದನ್ನು ಸೋಮಾರಿತನ ಎನ್ನುವುದು ನ್ಯಾಯವಲ್ಲ.

ಇನ್ನು ಕೆಲಸದ ಸ್ವರೂಪವನ್ನೇ ನೋಡೋಣ. ಬಿಚ್ಚುವುದು ಸುಲಭ, ಬೇಗ ಆಗುತ್ತದೆ, ಕಣ್ಣಿಗೂ ಕಾಣುತ್ತದೆ. ಒಂದು ಭಾನುವಾರದಲ್ಲಿ ಸೀಟು, ಟ್ಯಾಂಕು, ಚಕ್ರ, ಎಂಜಿನ್ನು ಎಲ್ಲ ಕೆಳಗಿಳಿದು ಸಾಲಾಗಿ ಕೂರುತ್ತವೆ; ಎಷ್ಟೊಂದು ಕೆಲಸವಾಯಿತು ಎಂಬ ಸಂತೋಷ ಬೇರೆ. ಆಮೇಲಿನ ಕೆಲಸ ಹಾಗಲ್ಲ. ಕ್ರ್ಯಾಂಕ್ ಬೇರಿಂಗ್ ಬದಲಿಸಲು ಪ್ರೆಸ್ ಇರುವ ಅಂಗಡಿಯಲ್ಲಿ ಸರದಿ ಕಾಯಬೇಕು. ಸಿಲಿಂಡರ್ ಬೋರ್ ಮಾಡಿಸುವ ಮೊದಲು ಸರಿಯಾದ ಓವರ್‌ಸೈಜ್ ಪಿಸ್ಟನ್ ಕೈಯಲ್ಲಿರಬೇಕು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸಿಗೆ ಒಂದಿಷ್ಟು ಗಾಳಿ ಸೋರಿದರೂ ಗಾಡಿ ಸರಿಯಾಗಿ ಓಡದು. ಆದ್ದರಿಂದ ಆಯಿಲ್ ಸೀಲು, ಪ್ಯಾಕಿಂಗುಗಳಂಥ ಚಿಲ್ಲರೆ ವಸ್ತುಗಳಿಗೇ ಅತಿ ಹೆಚ್ಚು ತಾಳ್ಮೆ ಬೇಕು. ಈ ಕೆಲಸಗಳಿಗೆ ಹಣವೂ ಶ್ರಮವೂ ಹೋಗುತ್ತದೆ, ಆದರೆ ಶೆಡ್ಡಿನಲ್ಲಿ ಕಾಣುವ ನೋಟ ತಿಂಗಳುಗಟ್ಟಲೆ ಬದಲಾಗುವುದಿಲ್ಲ. ಗುರಿ ಹತ್ತಿರವಾದಂತೆ ಪ್ರಯತ್ನ ಚುರುಕಾಗುತ್ತದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಕ್ಲಾರ್ಕ್ ಹಲ್ 1932ರಲ್ಲೇ ಹೇಳಿದ್ದರು, ಆಮೇಲೆ ಇಲಿಗಳ ಓಟವನ್ನು ಅಳೆದೂ ತೋರಿಸಿದರು. ಶುರುವಿನಲ್ಲೂ ಕೊನೆಯಲ್ಲೂ ಇರುವ ಉತ್ಸಾಹ ನಡುವೆ ಇಳಿಯುತ್ತದೆ ಎಂದು 2011ರಲ್ಲಿ ಬೊನೆಟ್ಸಿ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಪೂರ್ತಿ ಬಿಚ್ಚಿದ ಗಾಡಿಯಲ್ಲಿ ಶುರು ಒಂದು ವಾರದ್ದು, ಕೊನೆ ಒಂದು ವಾರದ್ದು, ಮಿಕ್ಕಿದ್ದೆಲ್ಲ ನಡುವೆಯೇ. ಹುರುಪು ಅತ್ಯಂತ ಕಡಿಮೆ ಇರುವ ಹೊತ್ತನ್ನು ಅತ್ಯಂತ ಉದ್ದಕ್ಕೆ ಎಳೆಯುವ ಕ್ರಮ ಇದು.

ಇದಕ್ಕೆ ತಪ್ಪು ಅಂದಾಜೂ ಸೇರುತ್ತದೆ. ದಸರಾ ಹೊತ್ತಿಗೆ ಗಾಡಿ ರಸ್ತೆಗೆ ಬರಬೇಕು ಎಂದು ನಿಶ್ಚಯಿಸುವವರು ಪ್ರತಿ ಕೆಲಸವೂ ಸಲೀಸಾಗಿ ನಡೆದರೆ ಎಷ್ಟು ದಿನ ಎಂದು ಕೂಡಿಸಿರುತ್ತಾರೆ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ ಸುಮಾರು 34 ದಿನ ಬೇಕೆಂದರು. ಏನೆಲ್ಲ ಕೆಟ್ಟರೂ 49 ದಿನದೊಳಗೆ ಮುಗಿದೀತು ಎಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಮೇಲೆ. ತಮ್ಮದೇ ಬರಹದ ವಿಷಯದಲ್ಲಿ, ಬೇರೆಯವರನ್ನು ಅಷ್ಟಾಗಿ ಕಾಯಬೇಕಿಲ್ಲದ ಕೆಲಸದಲ್ಲಿ ಹೀಗಾದರೆ, ಲೇತಿನವರು, ಕ್ರೋಮ್ ಪ್ಲೇಟಿಂಗ್‌ನವರು, ಟಿಂಕರಿಂಗ್‌ನವರು, ಪೇಂಟರು ಇಷ್ಟು ಜನರ ಸರದಿಗೆ ಕಟ್ಟುಬಿದ್ದ ಕೆಲಸದ ಗತಿಯೇನು? ಗಾಡಿ ಪೂರ್ತಿ ಬಿಚ್ಚಿದಾಗ ಇವರಲ್ಲಿ ಯಾರೊಬ್ಬರು ತಡಮಾಡಿದರೂ ಎಲ್ಲವೂ ನಿಲ್ಲುತ್ತದೆ. ಪೇಂಟ್ ಆಗದೆ ಚಾಸಿಗೆ ಎಂಜಿನ್ ಕೂರಿಸುವಂತಿಲ್ಲ, ಎಂಜಿನ್ ಕೂರದೆ ವೈರಿಂಗ್ ಮುಗಿಸುವಂತಿಲ್ಲ. ಕಾಯುವ ತಿಂಗಳುಗಳಲ್ಲಿ ಯಾವ ಬೋಲ್ಟು ಎಲ್ಲಿಯದು ಎಂಬ ನೆನಪೂ ಮಾಸುತ್ತದೆ. ಮತ್ತೆ ಕೈ ಹಾಕಿದ ದಿನ ಮುಂದಿನ ಹೆಜ್ಜೆ ಯಾವುದೆಂಬುದೇ ತಿಳಿಯದೆ ಹೋಗುತ್ತದೆ. ಹುರುಪು ಹೋಯಿತು ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಈ ಗೊಂದಲದ್ದೇ.

ಎಲ್ಲಕ್ಕಿಂತ ಮುಖ್ಯವಾದ ನಷ್ಟ ಇನ್ನೊಂದಿದೆ: ಬಿಚ್ಚಿಟ್ಟ ಗಾಡಿ ತನ್ನ ಯಜಮಾನನಿಗೆ ಏನನ್ನೂ ಕೊಡುವುದಿಲ್ಲ. ಹೊಗೆ ಬಿಡುತ್ತಾ, ಸದ್ದು ಮಾಡುತ್ತಾ ಓಡುವ ಜಾವಾ ಚಾಮುಂಡಿಬೆಟ್ಟದ ತಿರುವುಗಳಲ್ಲಿ ಒಂದು ಬೆಳಗಿನ ಸವಾರಿಯನ್ನಾದರೂ ಕೊಡುತ್ತದೆ. ಆ ಸವಾರಿಯೇ ಮುಂದಿನ ವಾರದ ದುಡಿಮೆಗೆ ಕೂಲಿ. ನಾವೇ ಕೈಯಾರೆ ಮಾಡಿದ ವಸ್ತುವಿನ ಮೇಲೆ ನಮಗೆ ಹೆಚ್ಚಿನ ಪ್ರೀತಿ ಹುಟ್ಟುತ್ತದೆ ಎಂದು ನಾರ್ಟನ್, ಮೊಚಾನ್, ಏರಿಯಲಿ 2012ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಅದೇ ಪ್ರಯೋಗಗಳ ಇನ್ನೊಂದು ಫಲಿತಾಂಶ ನಮ್ಮ ಪ್ರಶ್ನೆಗೆ ಇನ್ನೂ ಹೆಚ್ಚು ಸಲ್ಲುತ್ತದೆ: ಜೋಡಣೆ ಮುಗಿಸಲು ಅವಕಾಶ ಸಿಗದವರಲ್ಲಿ ಆ ಪ್ರೀತಿ ಕಾಣಿಸಲಿಲ್ಲ. ಶ್ರಮವು ಮಮತೆಯಾಗಬೇಕಾದರೆ ಕೆಲಸ ಎಲ್ಲಾದರೂ ಒಂದು ಕಡೆ ಪೂರ್ಣಗೊಳ್ಳಬೇಕು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ 2018ರಲ್ಲಿ ಜಾವಾ ಹೆಸರಿನ ಹೊಸ ಬೈಕು ಬರುವವರೆಗೆ 22 ವರ್ಷ ಈ ಗಾಡಿಗಳು ತಯಾರಕರ ಆಸರೆಯಿಲ್ಲದೆ ಬದುಕಿದವು. ಈಗಲೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಅವು ಸಾಲುಗಟ್ಟಿ ರಸ್ತೆಗಿಳಿಯುತ್ತವೆ. ಅವುಗಳನ್ನು ಉಳಿಸಿದ್ದು ಕೆಟ್ಟದ್ದನ್ನು ಕೆಟ್ಟಾಗಲೇ ಸರಿಮಾಡುತ್ತಾ ಬಂದ ಮೆಕ್ಯಾನಿಕ್ಕುಗಳು ಮತ್ತು ದಿನವೂ ಓಡಿಸಿದ ಸವಾರರು. ನಿಂತ ಗಾಡಿಯಲ್ಲಿ ಸೀಲು ಒಣಗುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ಟ್ಯಾಂಕಿನೊಳಗೆ ತುಕ್ಕು ಏಳುತ್ತದೆ. ಓಡುವುದೇ ಅದಕ್ಕೆ ಆರೋಗ್ಯ.

ದೊಡ್ಡ ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದಕ್ಕೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಮದ್ರಾಸ್ ಸರ್ಕಾರದ ಆಕ್ಷೇಪದಿಂದಾಗಿ 80 ಅಡಿಯಷ್ಟಕ್ಕೆ ಮಾತ್ರ ಅನುಮತಿ ಇತ್ತು. ವಿಶ್ವೇಶ್ವರಯ್ಯನವರು ಮುಂದಿನ ಎತ್ತರವನ್ನೂ ಹೊರಬಲ್ಲ ಅಗಲದ ಅಡಿಪಾಯ ಹಾಕಿಸಿ, ಮೊದಲ ಹಂತವನ್ನು ಅದರಷ್ಟಕ್ಕೇ ಉಪಯೋಗಕ್ಕೆ ಬರುವಂತೆ ರೂಪಿಸಿದರು. ಅಲ್ಲಿ ನಿಲ್ಲುವ ನೀರು ಶಿವನಸಮುದ್ರದ ವಿದ್ಯುತ್ತಿಗೆ ಆಸರೆಯಾಗುವಂತಿತ್ತು. ಇವತ್ತು ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಚ್ಚುಹಾಕುವ 124.80 ಅಡಿಯ ಪೂರ್ಣಮಟ್ಟ ಒದಗಿದ್ದು ಸುಮಾರು ಎರಡು ದಶಕದ ದುಡಿಮೆಯ ಕೊನೆಗೆ. ಅಣೆಕಟ್ಟಿನಷ್ಟು ದೊಡ್ಡದನ್ನು ಬೈಕಿಗೆ ಹೋಲಿಸುವುದು ಅತಿಯಾಯಿತೆನ್ನಿಸಬಹುದು, ಆದರೆ ಕ್ರಮ ಒಂದೇ: ಕೊನೆಯದನ್ನು ಮನಸ್ಸಿನಲ್ಲಿಟ್ಟು ಅಡಿಪಾಯ ಹಾಕಬೇಕು, ಪ್ರತಿ ಹಂತವೂ ತನ್ನಷ್ಟಕ್ಕೆ ಫಲ ಕೊಡಬೇಕು. ಗಾಡಿಯ ವಿಷಯದಲ್ಲಿ ಇದರ ಅರ್ಥ ಸ್ಪಷ್ಟ. ಮೊದಲು ಬ್ರೇಕು, ಟೈರು, ಕೇಬಲ್ಲುಗಳು. ಅದು ಮುಗಿದ ವಾರ ಗಾಡಿ ರಸ್ತೆಯಲ್ಲಿರಬೇಕು. ಆಮೇಲೆ ವೈರಿಂಗ್ ಮತ್ತು ಇಗ್ನಿಷನ್, ಮತ್ತೆ ರಸ್ತೆಗೆ. ಪಿಸ್ಟನ್, ಬೇರಿಂಗ್, ಸೀಲುಗಳನ್ನೆಲ್ಲ ಕೊಂಡು ಕಪಾಟಿನಲ್ಲಿಟ್ಟ ಮೇಲಷ್ಟೇ ಎಂಜಿನ್ ಕೆಳಗಿಳಿಯಬೇಕು. ಟಿಂಕರಿಂಗ್, ಪೇಂಟು, ಕ್ರೋಮ್ ಎಲ್ಲಕ್ಕಿಂತ ಕೊನೆಗೆ.

ಅನುಭವಿಗಳು ಇಲ್ಲಿ ಒಂದು ಬಲವಾದ ಆಕ್ಷೇಪ ಎತ್ತುತ್ತಾರೆ: ಚಾಸಿಗೆ ಸರಿಯಾಗಿ ಪೇಂಟ್ ಆಗಬೇಕಾದರೆ ಎಲ್ಲವನ್ನೂ ಬಿಚ್ಚಲೇಬೇಕು, ಹಂತ ಹಂತವಾಗಿ ಮಾಡಿದರೆ ಅದೇ ಬೋಲ್ಟನ್ನು ಮೂರು ಸಲ ಬಿಚ್ಚುವ ಹೆಚ್ಚಿನ ಖರ್ಚು ಬರುತ್ತದೆ. ಮಾತು ನಿಜ. ಆದರೆ ಎಲ್ಲ ಭಾಗಗಳೂ ಸರಿಯಿವೆ, ಎಲ್ಲವೂ ಒಂದಕ್ಕೊಂದು ಕೂರುತ್ತವೆ ಎಂದು ಓಡಿಸಿ ಖಚಿತಪಡಿಸಿಕೊಂಡ ಮೇಲೆ ಬಿಚ್ಚಿದರೆ ಅದು ತಿಳಿದ ಕೆಲಸ, ಎಣಿಸಿದ ವಾರಗಳಲ್ಲಿ ಮುಗಿಯುವ ಕೆಲಸ. ಮೊದಲೇ ಬಿಚ್ಚಿದರೆ ಹೊಳೆಯುವ ಪೇಂಟಿನ ಮೇಲೆ ಕೂರದ ಭಾಗವನ್ನು ಗೀರಿ ಗೀರಿ ಕೂರಿಸಬೇಕಾಗುತ್ತದೆ. ಮೂರು ಸಲ ಬಿಚ್ಚಿದ ಬೋಲ್ಟಿನ ಖರ್ಚು, ಮತ್ತೆಂದೂ ಜೋಡಣೆಯಾಗದ ಗಾಡಿಯ ನಷ್ಟಕ್ಕೆ ಹೋಲಿಸಿದರೆ ಸಣ್ಣದು. ಕಾರಿನ ವಿಷಯದಲ್ಲಿ ಮಾತ್ರ ಒಂದು ವಿನಾಯಿತಿ ಒಪ್ಪಲೇಬೇಕು. ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಬೇರೆ ಚಾಸಿ ಇಲ್ಲ, ಮೈಯೇ ಆಧಾರ. ಅಡಿತಗಡು ತುಕ್ಕು ತಿಂದುಹೋಗಿದ್ದರೆ ಆ ಕಾರನ್ನು ರಸ್ತೆಗೆ ತರುವುದೇ ಅಪಾಯ, ಟಿಂಕರಿಂಗ್‌ನಿಂದಲೇ ಶುರುಮಾಡಬೇಕು. ಅಲ್ಲಿಯೂ ಒಂದೊಂದು ಬದಿಯನ್ನು ಪೂರ್ತಿ ಮುಗಿಸಿ ಮುಂದಕ್ಕೆ ಹೋಗಬಹುದು. ರಸ್ತೆಯ ಸವಾರಿ ಸಿಗದಿದ್ದರೂ ಮುಗಿಯಿತು ಎನ್ನಬಹುದಾದ ತಾಣಗಳನ್ನು ದಾರಿಯುದ್ದಕ್ಕೂ ನೆಟ್ಟುಕೊಳ್ಳಬಹುದು.

ಎರಡನೆಯ ಆಕ್ಷೇಪ ಹಣದ್ದು: ಹುರುಪು ಹೋಗುವುದಿಲ್ಲ, ಕೈಯಲ್ಲಿ ಕಾಸು ಮುಗಿಯುತ್ತದೆ ಅಷ್ಟೆ ಎನ್ನುತ್ತಾರೆ. ಹಣದ ಕೊರತೆ ಸುಳ್ಳಲ್ಲ. ಆದರೆ ಅದೇ ಕೊರತೆ ಓಡುವ ಗಾಡಿಯನ್ನು ಕೊಲ್ಲುವುದಿಲ್ಲ. ಮುಂದಿನ ಹಂತವನ್ನು ಸಂಬಳದವರೆಗೆ ಮುಂದೂಡುತ್ತದೆ, ಅಷ್ಟೇ. ಬಿಚ್ಚಿಟ್ಟ ಗಾಡಿಗೆ ಮಾತ್ರ ಅದು ಪ್ರಾಣಾಂತಿಕ. ಜೊತೆಗೆ ಕಾಗದಪತ್ರದ ಹೊರೆಯೂ ಬೆಳೆಯುತ್ತದೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ ಬೈಕಿಗೆ 300ರಿಂದ 1,000 ರೂಪಾಯಿಗೂ ಕಾರಿಗೆ 600ರಿಂದ 5,000 ರೂಪಾಯಿಗೂ ಏರಿತು. ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಲು ಗಾಡಿ ಇಡಿಯಾಗಿರಬೇಕು. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ದಾರಿ ತೆರೆಯಿತು. ಯಾದವಗಿರಿಯ ಮೊದಲ ದಶಕದ ಜಾವಾಗಳೆಲ್ಲ ವಯಸ್ಸಿನಲ್ಲಿ ಅದಕ್ಕೆ ಅರ್ಹ. ಗೋಣಿಚೀಲದಲ್ಲಿರುವ ಗಾಡಿಗೆ ಮಾತ್ರ ಆ ದಾರಿಯಿಂದ ಉಪಯೋಗವಿಲ್ಲ.

ಮೂರನೆಯ ಆಕ್ಷೇಪವನ್ನು ನಾನು ಹೆಚ್ಚು ಗೌರವದಿಂದ ಕೇಳುತ್ತೇನೆ. ಇದು ಹವ್ಯಾಸ, ಕೆಲಸ ಮಾಡುವುದರಲ್ಲೇ ಸುಖವಿದೆ, ಮುಗಿಸಲೇಬೇಕೆಂಬ ಒತ್ತಾಯವೇಕೆ ಎಂಬ ಪ್ರಶ್ನೆ ಅದು. ಶೆಡ್ಡಿನಲ್ಲಿ ಪ್ರತಿ ಭಾನುವಾರ ಸಂತೋಷದಿಂದ ಕೂರುವವರ ಗಾಡಿ ಹತ್ತು ವರ್ಷ ಹಿಡಿದರೂ ಯಾರ ತಕರಾರೂ ಇರಬೇಕಿಲ್ಲ. ಅವರ ಹುರುಪು ಸತ್ತಿಲ್ಲ. ನಾನು ಹೇಳುತ್ತಿರುವುದು ಬಾಗಿಲು ಹಾಕಿಬಿಟ್ಟವರ, ಆ ಬಾಗಿಲಿನ ಮುಂದೆ ಹಾದಾಗಲೆಲ್ಲ ಮನಸ್ಸು ಚುಚ್ಚಿಸಿಕೊಳ್ಳುವವರ ಮಾತು. ಅವರಿಗೆ ಎರಡು ದಾರಿಗಳಿವೆ: ಮಿಕ್ಕ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು ಮತ್ತೆ ಶುರುಮಾಡುವುದು, ಇಲ್ಲವೇ ಎಲ್ಲ ಭಾಗಗಳನ್ನೂ ದಾಖಲೆಗಳನ್ನೂ ಒಟ್ಟುಮಾಡಿ ಮಾಡಬಲ್ಲವರ ಕೈಗೆ ಒಪ್ಪಿಸುವುದು. ಎರಡನೆಯದೂ ಸೋಲಲ್ಲ. ಇಷ್ಟೆಲ್ಲ ಸುರಿದಿದ್ದೇನಲ್ಲ ಎಂದು ಹಿಡಿದುಕೂತರೆ ಸುರಿದದ್ದು ಹಿಂದಿರುಗುವುದಿಲ್ಲ. ಗಾಡಿ ಮಾತ್ರ ಒಂದೊಂದೇ ಭಾಗವಾಗಿ ಗುಜರಿಗೆ ಸೇರುತ್ತದೆ. ಯಾದವಗಿರಿಯ ಹಳೆಯ ಗಾಡಿಗಳು ಇನ್ನು ಹುಟ್ಟುವುದಿಲ್ಲ, ಇರುವಷ್ಟನ್ನೇ ಉಳಿಸಿಕೊಳ್ಳಬೇಕು.

ಹೀಗಾಗಿ ಹಳೆಯ ಗಾಡಿಯ ಮುಂದೆ ಸ್ಪ್ಯಾನರ್ ಹಿಡಿದು ನಿಂತವರು ತಮ್ಮಲ್ಲಿ ಛಲವಿದೆಯೇ ಎಂದು ಎದೆ ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ. ಛಲ ಎಲ್ಲರಲ್ಲೂ ಏರುತ್ತದೆ, ಎಲ್ಲರಲ್ಲೂ ಇಳಿಯುತ್ತದೆ. ಇಳಿದ ದಿನಗಳಲ್ಲೂ ಕೆಲಸ ಉಳಿಯುವಂತೆ ಕ್ರಮ ಹಾಕಿಕೊಳ್ಳುವುದಷ್ಟೇ ನಮ್ಮ ಕೈಲಿರುವುದು. ಮೊದಲ ಬೋಲ್ಟಿಗೆ ಕೈ ಹಾಕುವ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಈಗ ಬಿಚ್ಚುವುದನ್ನು ಮತ್ತೆ ಜೋಡಿಸಲು ಬೇಕಾದದ್ದೆಲ್ಲ ಕೈಯಲ್ಲಿದೆಯೇ, ಮುಂದಿನ ಭಾನುವಾರ ಈ ಗಾಡಿ ಕಿಕ್ಕರ್ ಹೊಡೆದರೆ ಓಡುತ್ತದೆಯೇ? ಹೌದೆನ್ನುವಂತಿದ್ದರೆ ಬಿಚ್ಚಬಹುದು. ಇಲ್ಲವಾದರೆ ಬೇಕಾದ ಭಾಗ ಸಿಗುವವರೆಗೆ ಗಾಡಿಯನ್ನು ಇದ್ದಂತೆಯೇ ಓಡಿಸುತ್ತಿರಬೇಕು.