ಕ್ಯಾಟ್‌ನಲ್ಲಿ ಇಂಗ್ಲಿಷ್‌ಗೆ ಪಾಸು ಸಾಕು, ರ‍್ಯಾಂಕ್ ಬೇಡ

2024ರ ನವೆಂಬರ್ 24ರಂದು ಸುಮಾರು 2.93 ಲಕ್ಷ ಮಂದಿ ಕ್ಯಾಟ್ ಬರೆದರು. ಐಐಎಂಗಳ ಬಾಗಿಲು ತೆರೆಯುವ ಆ ಪರೀಕ್ಷೆಯಲ್ಲಿ 68 ಪ್ರಶ್ನೆ, 204 ಅಂಕ, ಎರಡು ಗಂಟೆ. 24 ಪ್ರಶ್ನೆಗಳು, ಎಂದರೆ ಮೂರನೇ ಒಂದು ಪಾಲಿಗೂ ತುಸು ಹೆಚ್ಚು, ಇಂಗ್ಲಿಷ್ ಓದಿನ ವಿಭಾಗದವು. ಉಳಿದೆರಡು ವಿಭಾಗಗಳ ಪ್ರಶ್ನೆಗಳೂ ಇಂಗ್ಲಿಷಿನಲ್ಲೇ ಇರುತ್ತವೆ ಎಂಬುದು ಬೇರೆ ಮಾತು.

ನೀಟ್ ಮತ್ತು ಜೆಇಇ ಮೇನ್ ಇಂದು ಕನ್ನಡದಲ್ಲೂ ಸಿಗುತ್ತವೆ. ಕ್ಯಾಟ್ ಸಿಗುವುದಿಲ್ಲ.

ವಿದ್ಯಾರ್ಥಿಗಳು ‘ವಾರ್ಕ್’ ಎನ್ನುವ ಆ ಇಂಗ್ಲಿಷ್ ವಿಭಾಗದಲ್ಲಿ ನಾಲ್ಕು ಗದ್ಯಭಾಗಗಳಿರುತ್ತವೆ. ವಿಷಯ ತತ್ತ್ವಶಾಸ್ತ್ರವಾಗಿರಬಹುದು, ಮಾನವಶಾಸ್ತ್ರವಾಗಿರಬಹುದು, ಕಲೆಯ ಇತಿಹಾಸವೂ ಆಗಿರಬಹುದು. ವ್ಯಾಪಾರದ ಲೆಕ್ಕಪತ್ರ ಓದಿ ಅರ್ಥಮಾಡಿಕೊಳ್ಳುವ ಕೆಲಸಕ್ಕೂ ಇದಕ್ಕೂ ನಂಟು ಕಡಿಮೆ. ಒಂದೊಂದು ವಿಭಾಗಕ್ಕೂ 40 ನಿಮಿಷ, ಮುಗಿದ ಕೂಡಲೇ ಪರದೆ ತಾನೇ ಮುಂದಕ್ಕೆ ಹೋಗುತ್ತದೆ. ಗಣಿತವನ್ನು ಅರ್ಧ ಗಂಟೆಯಲ್ಲಿ ಮುಗಿಸಬಲ್ಲ ಹುಡುಗಿ ಉಳಿದ ಹತ್ತು ನಿಮಿಷವನ್ನು ಇಂಗ್ಲಿಷ್‌ಗೆ ಕೊಡುವಂತಿಲ್ಲ. ಆಯ್ಕೆ ಕೊಟ್ಟಿರುವ ಪ್ರಶ್ನೆಗೆ ಊಹಿಸಿ ಗುರುತು ಹಾಕಿ ತಪ್ಪಿದರೆ ಒಂದು ಅಂಕ ಕಡಿತ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯ ಹೊತ್ತಿಗೆ ಇಂಗ್ಲಿಷ್ ಹಿಡಿತಕ್ಕೆ ತಂದುಕೊಂಡವಳಿಗೆ ಗದ್ಯ ಅರ್ಥವಾಗುತ್ತದೆ. ಆದರೆ ಮನೆಯಲ್ಲೇ ಇಂಗ್ಲಿಷ್ ಪತ್ರಿಕೆ ಓದಿ ಬೆಳೆದವನ ವೇಗ ಅವಳಿಗಿಲ್ಲ. ಪರ್ಸೆಂಟೈಲ್ ಅಳೆಯುವುದು ಆ ವೇಗವನ್ನೇ.

ಐಐಎಂಗಳಲ್ಲಿ ಪಾಠ, ಚರ್ಚೆ, ಪುಟಗಟ್ಟಲೆ ಕೇಸ್ ಸ್ಟಡಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತವೆ, ಭಾಷೆ ಬಾರದವರು ಒದ್ದಾಡುತ್ತಾರೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಹಾಗಾದರೆ ಬೇಕಾದಷ್ಟು ಇಂಗ್ಲಿಷ್ ಇದೆಯೇ ಎಂದು ನೋಡಲಿ. ಯಾರಿಗೆ ಎಷ್ಟು ಹೆಚ್ಚಿದೆ ಎಂದು ಎಣಿಸಿ ರ‍್ಯಾಂಕ್ ಕೊಡುವುದೇಕೆ? ಸಂದರ್ಶನದಲ್ಲಿ ಹೇಗೂ ಇಂಗ್ಲಿಷಿನಲ್ಲೇ ಮಾತಾಡಿಸುತ್ತಾರಲ್ಲ!

ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 300 ಅಂಕದ ಇಂಗ್ಲಿಷ್ ಪತ್ರಿಕೆ ಕಡ್ಡಾಯ. ಶೇ 25 ಬಂದರೆ ಸಾಕು, ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಪ್ರಿಲಿಮ್ಸ್‌ನಲ್ಲಿ 2011ರಲ್ಲಿ ಬಂದ ಸಿಸ್ಯಾಟ್ ಪತ್ರಿಕೆಯ ಇಂಗ್ಲಿಷ್ ಗದ್ಯದ ವಿರುದ್ಧ 2014ರಲ್ಲಿ ದೆಹಲಿಯಲ್ಲಿ ಅಭ್ಯರ್ಥಿಗಳು ಬೀದಿಗಿಳಿದರು. ಅದೇ ವರ್ಷ ಸರ್ಕಾರ ಆ ಪ್ರಶ್ನೆಗಳ ಅಂಕವನ್ನು ಲೆಕ್ಕದಿಂದ ಬಿಟ್ಟಿತು. ಮರುವರ್ಷ ಇಡೀ ಸಿಸ್ಯಾಟ್ ಪತ್ರಿಕೆಯೇ ಶೇ 33 ಪಡೆದರೆ ಸಾಕೆನ್ನುವ ಅರ್ಹತಾ ಪತ್ರಿಕೆಯಾಯಿತು. ಜಿಲ್ಲೆ ಆಳುವವರ ಆಯ್ಕೆಗೆ ಇಷ್ಟು ಸಾಕಾದರೆ, ಕಂಪನಿ ನಡೆಸುವವರ ಆಯ್ಕೆಗೆ ಸಾಲದೇ?

ಕ್ಯಾಟ್‌ನ ಪ್ರಶ್ನೆಪತ್ರಿಕೆಯನ್ನೇನೂ ಬದಲಿಸಬೇಕಿಲ್ಲ. ಪ್ರತಿ ವಿಭಾಗಕ್ಕೂ ಪ್ರತ್ಯೇಕ ಕಟ್-ಆಫ್ ಇಡುವ ಪದ್ಧತಿ ಐಐಎಂಗಳಲ್ಲಿ ಈಗಾಗಲೇ ಇದೆ. ಇಂಗ್ಲಿಷ್‌ಗೆ ಅದೊಂದನ್ನೇ ಉಳಿಸಿ, ಒಟ್ಟು ಲೆಕ್ಕದಿಂದ ಕೈಬಿಟ್ಟರಾಯಿತು. ಪರೀಕ್ಷೆ ಒಂದೇ ಆದರೂ ಯಾವುದಕ್ಕೆ ಎಷ್ಟು ತೂಕ ಎಂಬುದು ಆಯಾ ಸಂಸ್ಥೆಯ ತೀರ್ಮಾನ. ಕೋಯಿಕ್ಕೋಡ್ ಐಐಎಂ ತನ್ನ ಲೆಕ್ಕಾಚಾರ ಬದಲಿಸಿಕೊಂಡಾಗ 2013ರಲ್ಲಿ ಅಲ್ಲಿ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳೇ ಆಗಿದ್ದರು. ಬನ್ನೇರುಘಟ್ಟ ರಸ್ತೆಯ ಬೆಂಗಳೂರು ಐಐಎಂ ಇಂಗ್ಲಿಷ್ ವಿಷಯದಲ್ಲಿ ಅಂಥದೇ ತೀರ್ಮಾನವನ್ನು ಮುಂದಿನ ಪ್ರವೇಶ ಪ್ರಕಟಣೆಯಲ್ಲೇ ಹೊರಡಿಸಬಹುದು.