16ರಲ್ಲಿ 3 ನಮ್ಮ ಗಡಿಯವು, ನಮ್ಮ ಚೀಟಿ ಎಲ್ಲಿ?



ಜೂನ್ 4ರಂದು ನಾವೆಲ್ಲ ಮೊಬೈಲ್ ಹಿಡಿದು ಕೂತಿದ್ದು ನೆನಪಿದೆಯಲ್ಲ. ಕಾಸರಗೋಡಿನವರು ಮಲಯಾಳ ಚಾನೆಲ್, ಅಕ್ಕಲಕೋಟೆಯವರು ಮರಾಠಿ ಚಾನೆಲ್, ಮಡಕಶಿರಾದವರು ತೆಲುಗು ಚಾನೆಲ್. ಕರ್ನಾಟಕದ 28 ಸೀಟಿನ ಲೆಕ್ಕಕ್ಕೆ ಮಾತ್ರ ಎಲ್ಲರೂ ಕನ್ನಡ ಚಾನೆಲ್‌ಗೆ ಬಂದ್ವಿ. ಸಂಜೆ ಹೊತ್ತಿಗೆ ಚಿತ್ರ ಗೊತ್ತಾಯ್ತು. ಬಿಜೆಪಿಗೆ 240, ಬಹುಮತಕ್ಕೆ ಬೇಕಾದದ್ದು 272. ತೆಲುಗು ದೇಶಂನ 16, ನಿತೀಶ್ ಕುಮಾರ್ ಅವರ ಜೆಡಿಯುನ 12 ಇಲ್ಲದೆ ದಿಲ್ಲಿಯಲ್ಲಿ ಸರ್ಕಾರ ಇಲ್ಲ.

ಈ ಲೆಕ್ಕವನ್ನ ಸ್ವಲ್ಪ ನಿಧಾನವಾಗಿ ಮಾಡೋಣ. ಎನ್‌ಡಿಎ ಒಟ್ಟು 293. ತೆಲುಗು ದೇಶಂ ಒಂದೇ ಹೊರಗೆ ಹೋದರೂ 277 ಉಳಿಯುತ್ತೆ, ಸರ್ಕಾರ ಬೀಳಲ್ಲ. ಜೆಡಿಯು ಕೂಡ ಜೊತೆಗೆ ಹೋದರೆ 265, ಆಗ ಬೀಳುತ್ತೆ. ಅಂದರೆ ಯಾರೊಬ್ಬರ ಕೈಯಲ್ಲೂ ಪೂರ್ತಿ ಬೀಗದ ಕೈ ಇಲ್ಲ, ಆದರೆ ಇಬ್ಬರನ್ನೂ ಒಟ್ಟಿಗೆ ಬೇಸರ ಮಾಡೋ ಧೈರ್ಯ ದಿಲ್ಲಿಗೂ ಇಲ್ಲ. 2024ರ ಜುಲೈ 23ರ ಬಜೆಟ್ಟಿನಲ್ಲಿ ಅದು ಕಾಣಿಸ್ತು. ಅಮರಾವತಿಗೆ 15,000 ಕೋಟಿ ಹೊಂದಿಸಿಕೊಡ್ತೀವಿ ಅಂದರು, ಬಿಹಾರದ ರಸ್ತೆಗಳಿಗೆ 26,000 ಕೋಟಿ ಅಂದರು. ಇದನ್ನ ತಪ್ಪು ಅಂತ ನಾವು ಹೇಳ್ತಿಲ್ಲ. ಅವರು ಕೇಳಿದರು, ಸಿಕ್ಕಿತು.

ಈಗ ಆ 16 ಕ್ಷೇತ್ರಗಳ ಪಟ್ಟಿ ತೆಗೆದು ನೋಡಿ. ಕರ್ನೂಲು, ಅನಂತಪುರ, ಹಿಂದೂಪುರ ಮೂರೂ ಅದರಲ್ಲಿವೆ. ಆದೋನಿ, ಆಲೂರು, ಮಂತ್ರಾಲಯ ಕರ್ನೂಲಿಗೆ ಸೇರಿದವು. ರಾಯದುರ್ಗ ಅನಂತಪುರಕ್ಕೆ, ಮಡಕಶಿರಾ ಹಿಂದೂಪುರಕ್ಕೆ. ಮನೇಲಿ ಕನ್ನಡ, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಅನ್ನೋ ನಮ್ಮ ಸೀಮೆ. ಬಸ್ತಿಪಾಟಿ ನಾಗರಾಜು, ಅಂಬಿಕಾ ಲಕ್ಷ್ಮೀನಾರಾಯಣ, ಬಿ.ಕೆ. ಪಾರ್ಥಸಾರಥಿ, ಈ ಮೂವರೂ ನಮ್ಮ ಓಟನ್ನೂ ತಗೊಂಡೇ ದಿಲ್ಲಿಗೆ ಹೋದವರು.

ನಮ್ಮ ಓಟಿನಿಂದಲೇ ಗೆದ್ದರು ಅಂತ ಜಂಬ ಕೊಚ್ಚಿಕೊಳ್ಳೋದು ಬೇಡ. ಮೂರೂ ಕಡೆ ಅಂತರ ದೊಡ್ಡದಿತ್ತು. ಆದರೆ ಅದೇ ಮೇ 13ರಂದು ಅದೇ ಬೂತುಗಳಲ್ಲಿ ವಿಧಾನಸಭೆಗೂ ಮತದಾನ ಆಯ್ತಲ್ಲ, ಮಡಕಶಿರಾದಲ್ಲಿ ತೆಲುಗು ದೇಶಂ ಗೆದ್ದದ್ದು ಬರೀ 351 ಓಟಿನಲ್ಲಿ. ನಮ್ಮದೊಂದು ನಡುವಣ ಹಳ್ಳಿಯ ಓಟು ಅಷ್ಟು. 2016ರಲ್ಲಿ ಕೇರಳದ ಮಂಜೇಶ್ವರದಲ್ಲಿ ವಿಧಾನಸಭೆಗೆ ಅಂತರ 89. "ನಮ್ಮ ನಾಲ್ಕು ಓಟಿನಿಂದ ಏನಾಗುತ್ತೆ ಬಿಡಪ್ಪಾ" ಅನ್ನೋ ಹುಡುಗರಿಗೆ ಈ ಎರಡು ಸಂಖ್ಯೆ ತೋರಿಸಿ.

ಹಾಗಾದ್ರೆ ಚುನಾವಣೆಗೆ ಮುಂಚೆ ಈ ಮೂವರು ಅಭ್ಯರ್ಥಿಗಳ ಕೈಗೆ ಗಡಿ ಕನ್ನಡಿಗರ ಬೇಡಿಕೆ ಅಂತ ಒಂದು ಚೀಟಿ ಕೊಟ್ಟವರು ನಮ್ಮಲ್ಲಿ ಎಷ್ಟು ಜನ? ನಮ್ಮನ್ನೇ ಕೇಳಿಕೊಳ್ಳೋಣ. ಪ್ರಚಾರದ ಜೀಪು ಬಂದಾಗ ಬೋರ್‌ವೆಲ್ ಕೇಳಿದ್ವಿ, ಸಿಸಿ ರಸ್ತೆ ಕೇಳಿದ್ವಿ. ಶಾಲೆಗೆ ಕನ್ನಡ ಮೇಷ್ಟ್ರು ಬೇಕು ಅನ್ನೋದು ನಮ್ಮ ಸಭೆಗಳಲ್ಲಿ ನಾವು ನಾವೇ ಹೇಳಿಕೊಂಡದ್ದು.

ಮಿತ್ರಪಕ್ಷವೊಂದು ಭಾಷೆಗಾಗಿ ಕೇಳಿದರೆ ಸಿಗುತ್ತಾ? ಸಿಕ್ಕಿದೆ. 2004ರಲ್ಲಿ ಡಿಎಂಕೆ ಹತ್ತಿರ ಇದ್ದದ್ದೂ 16 ಸೀಟೇ. ಆಗ ಯುಪಿಎ ಸರ್ಕಾರದ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲೇ ತಮಿಳಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಅಂತ ಬರೆಸಿದರು. ಮೇ ತಿಂಗಳಲ್ಲಿ ಬರೆಸಿದ್ದು ಅಕ್ಟೋಬರಿನಲ್ಲಿ ಆದೇಶ ಆಯ್ತು. ಕನ್ನಡ ಮತ್ತು ತೆಲುಗಿಗೆ ಅದು ಬಂದದ್ದು 2008ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ 1996. ಕರ್ನಾಟಕದಿಂದ ಜನತಾ ದಳದ 16 ಜನ ಗೆದ್ದು ದೇವೇಗೌಡರು ಪ್ರಧಾನಿ ಆದರು. ನಮ್ಮ ಹಿರಿಯರಿಗೆ ಅದು ಹಬ್ಬವೇ. ಅವರನ್ನ ದೂರೋದಲ್ಲ, ಇದ್ದದ್ದೇ 11 ತಿಂಗಳು, ಹದಿಮೂರು ಪಕ್ಷಗಳ ಸಂಸಾರ. ಆದರೂ ಮಹಾಜನ ವರದಿ 1967ರಿಂದ ಎಲ್ಲಿತ್ತೋ ಅಲ್ಲೇ ಇತ್ತು. ಪ್ರಧಾನಿ ಕನ್ನಡಿಗರಾದ ಮಾತ್ರಕ್ಕೆ ಚಂದ್ರಗಿರಿ ಹೊಳೆಯ ಆಚೆ ಈಚೆ ಏನೂ ಬದಲಾಗಲಿಲ್ಲ.

ಅದಕ್ಕೇ ಈಗ ಗಡಿ ಬದಲಿಸಿ ಅಂತ ಕೇಳೋದರಲ್ಲಿ ಅರ್ಥ ಇಲ್ಲ ಅನ್ನೋದು ನಮ್ಮ ಅಭಿಪ್ರಾಯ. ಕೆಲವರಿಗೆ ಕೋಪ ಬರಬಹುದು, ಬರಲಿ. ಮಹಾರಾಷ್ಟ್ರ 2004ರಲ್ಲಿ ಹಾಕಿದ ದಾವೆ ಸುಪ್ರೀಂ ಕೋರ್ಟಿನಲ್ಲಿ ಇನ್ನೂ ಇದೆ. ಆಂಧ್ರದ ಸಂಸದರೊಬ್ಬರು ಆಂಧ್ರದ ತಾಲೂಕನ್ನ ಬಿಟ್ಟುಕೊಡಿ ಅಂತ ಕೇಳ್ತಾರಾ? ಅವರು ಕೇಳಬಹುದಾದ್ದನ್ನ ನಾವು ಕೇಳಬೇಕು.

ಒಂದು ಉದಾಹರಣೆ ಹೇಳ್ತೀವಿ, ದಿನಾ ಕೌಂಟರಿನಲ್ಲಿ ಕೂತು ನೋಡೋ ವಿಷಯ ಇದು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನ ಐಬಿಪಿಎಸ್ ನಡೆಸುತ್ತೆ. ನೀವು ಯಾವ ರಾಜ್ಯಕ್ಕೆ ಅರ್ಜಿ ಹಾಕ್ತೀರೋ ಆ ರಾಜ್ಯದ ಅಧಿಕೃತ ಭಾಷೆ ಓದಕ್ಕೆ, ಬರೆಯಕ್ಕೆ, ಮಾತಾಡಕ್ಕೆ ಬರಬೇಕು. ಪ್ರಶ್ನೆಪತ್ರಿಕೆಯ ಭಾಷೆಯೂ ರಾಜ್ಯದ ಪ್ರಕಾರವೇ. ಕರ್ನಾಟಕಕ್ಕೆ ಹಾಕಿದರೆ ಕನ್ನಡದಲ್ಲಿ ಬರೀಬಹುದು, ಆಂಧ್ರಕ್ಕೋ ಕೇರಳಕ್ಕೋ ಹಾಕಿದರೆ ಕನ್ನಡ ಇಲ್ಲ. ಕುಂಬಳೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಒಂದೋ ಮಲಯಾಳದ ಪರೀಕ್ಷೆ ಪಾಸಾಗಬೇಕು, ಇಲ್ಲಾ ಕರ್ನಾಟಕಕ್ಕೆ ಅರ್ಜಿ ಹಾಕಿ ಊರು ಬಿಡಬೇಕು. ಅವಳು ಊರು ಬಿಟ್ಟ ಮೇಲೆ ನಮ್ಮ ಶಾಖೆಗೆ ಕನ್ನಡ ಬಾರದವರು ಬರ್ತಾರೆ. ವಿತ್‌ಡ್ರಾವಲ್ ಫಾರಂ ಹಿಡಿದು ನಿಂತ ಅಜ್ಜಿಗೆ ಅವರ ಮಾತು ತಿಳಿಯಲ್ಲ, ಅಜ್ಜಿಯ ಮಾತು ಅವರಿಗೆ ತಿಳಿಯಲ್ಲ. ಕೊನೆಗೆ ಸಾಲಿನಲ್ಲಿ ಹಿಂದೆ ನಿಂತವರು ದುಭಾಷಿ ಆಗ್ತಾರೆ, ಅಜ್ಜಿಯ ಖಾತೆಯಲ್ಲಿ ಎಷ್ಟಿದೆ ಅನ್ನೋದು ಇಡೀ ಶಾಖೆಗೆ ಗೊತ್ತಾಗುತ್ತೆ.

ಭಾಷಾ ಅಲ್ಪಸಂಖ್ಯಾತರು ಹೆಚ್ಚಿರೋ ತಾಲೂಕುಗಳ ಶಾಖೆಗಳಿಗೆ ಆ ಭಾಷೆ ಬಲ್ಲವರನ್ನ ನೇಮಿಸೋಕೆ, ಪರೀಕ್ಷೆಯಲ್ಲಿ ಆ ಭಾಷೆಯ ಆಯ್ಕೆ ಕೊಡೋಕೆ ಸಂವಿಧಾನ ತಿದ್ದಬೇಕಿಲ್ಲ, ಗಡಿ ಮುಟ್ಟಬೇಕಿಲ್ಲ. ಹಣಕಾಸು ಸಚಿವಾಲಯ ಮನಸ್ಸು ಮಾಡಿದರೆ ಸಾಕು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಗೆ ಹೋಗಿರೋದು ಕರ್ನಾಟಕದಿಂದ ಅನ್ನೋದನ್ನೂ ಚೀಟಿಯ ಕೆಳಗೆ ಬರೀಬಹುದು. ಈ ಬೇಡಿಕೆಯಿಂದ ಆಂಧ್ರದವರಿಗೂ ನಷ್ಟ ಇಲ್ಲ. ಬಳ್ಳಾರಿ, ಕೋಲಾರದ ತೆಲುಗರಿಗೂ ಇದೇ ನಿಯಮ ಅನ್ವಯ ಆಗುತ್ತೆ. ಹಾಗಾಗಿ ತೆಲುಗು ದೇಶಂ ಸಂಸದರು ಇದನ್ನ ಎತ್ತೋಕೆ ಹಿಂಜರಿಯಬೇಕಿಲ್ಲ.

ಎರಡನೆಯದು ಶಾಲೆ. ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕು ಅನ್ನೋ ಒಪ್ಪಂದ 1949ರಷ್ಟು ಹಳೇದು. ಸಂವಿಧಾನದ 350ಎ ವಿಧಿ ಇದೆ. 350ಬಿ ಪ್ರಕಾರ ಒಬ್ಬ ಆಯುಕ್ತರು ವರದಿ ಬರೆದು ರಾಷ್ಟ್ರಪತಿಗಳಿಗೆ ಕೊಡಬೇಕು, ಅದು ಸಂಸತ್ತಿನ ಎರಡೂ ಸದನಗಳ ಮುಂದೆ ಬರಬೇಕು. ಆ ವರದಿಯ ಮೇಲೆ ಪ್ರಶ್ನೆ ಕೇಳೋ ಹಕ್ಕು ಎಲ್ಲ ಸಂಸದರಿಗೂ ಇದೆ. ಕಾಸರಗೋಡು, ಸೊಲ್ಲಾಪುರ, ಕೃಷ್ಣಗಿರಿ, ಜಹೀರಾಬಾದಿನಲ್ಲಿ ಕಾಂಗ್ರೆಸ್, ನೀಲಗಿರಿಯಲ್ಲಿ ಡಿಎಂಕೆ, ಜತ್ತ ಸೇರಿದ ಸಾಂಗ್ಲಿಯಲ್ಲಿ ಪಕ್ಷೇತರ. ಆ ಗೆಳೆಯರು ಪ್ರಶ್ನೆಯ ದಾರಿ ಹಿಡೀಲಿ, ಆಂಧ್ರದ ನಾವು ಮಿತ್ರಪಕ್ಷದ ದಾರಿ ಹಿಡೀತೀವಿ. ಕೃಷ್ಣಗಿರಿಯ ಕೆ. ಗೋಪಿನಾಥ್ ಈ ಸಲ ಲೋಕಸಭೆಯಲ್ಲಿ ತೆಲುಗಿನಲ್ಲೇ ಪ್ರಮಾಣವಚನ ತಗೊಂಡರು. ಭಾಷಾ ಅಲ್ಪಸಂಖ್ಯಾತರ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸೂರಿನವರು ಮೊದಲು ಅವರನ್ನೇ ಕಾಣಿ.

ಬರೋ ಭಾನುವಾರದೊಳಗೆ ಮೂರು ಕ್ಷೇತ್ರಗಳ ಮನವಿಯ ಕರಡು ಈ ಪುಟದಲ್ಲಿ ಹಾಕ್ತೀವಿ. ನಿಮ್ಮ ಊರಿನ ಶಾಲೆಯ ಮಕ್ಕಳ ಸಂಖ್ಯೆ, ಕನ್ನಡ ಶಿಕ್ಷಕರ ಸಂಖ್ಯೆ, ಹತ್ತಿರದ ಬ್ಯಾಂಕ್ ಶಾಖೆಯಲ್ಲಿ ಕನ್ನಡ ಬಲ್ಲವರು ಎಷ್ಟು ಜನ ಅಂತ ಬರೆದು ಕಳಿಸಿ. ಅಂದಾಜು ಬೇಡ, ಹೋಗಿ ಎಣಿಸಿ. ಮನವಿ ಕನ್ನಡದಲ್ಲೂ ಇರುತ್ತೆ, ತೆಲುಗಿನಲ್ಲೂ ಇರುತ್ತೆ. ತೆಲುಗು ಯಾಕೆ ಅಂತ ಯಾರೋ ಕೇಳೇ ಕೇಳ್ತೀರಿ. ಓದಬೇಕಾದವರು ಅವರು ತಾನೇ.